ಎರಡು ಸ್ಟೆಂಟು, ಒಂದು ಬಾಣಂತನ

ನನ್ನ ಮೊಮ್ಮಗಳಿಗೆ ಈಗ ಎರಡೂವರೆ ವರ್ಷ. ಅವಳ ಬಗ್ಗೆ ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಪಕ್ಕ ಕೂತರೂ ಹತ್ತು ನಿಮಿಷದಲ್ಲಿ ಅವರಿಗೆ ಎಲ್ಲ ಗೊತ್ತಾಗಿರುತ್ತದೆ. ಅವಳಿಗೆ ಕಡುಬಿನ ಜೊತೆ ಕಾಯಿಹಾಲು ಆಗದು, ಕೆಸುವಿನ ಸಾರೇ ಬೇಕು. ಕೋಳಿಗಳಿಗೆ ‘ನೀವು’ ಅನ್ನುತ್ತಾಳೆ, ಅಪ್ಪನಿಗೆ ‘ನೀನು’ ಅನ್ನುತ್ತಾಳೆ. ಕಾಫಿ ಹೂವಾದಾಗ ತೋಟಕ್ಕೆ ಕರೆದುಕೊಂಡು ಹೋದರೆ ‘ಯಾರು ಮೊಸರು ಚೆಲ್ಲಿದ್ದು’ ಎಂದು ಕೇಳಿ ನನ್ನನ್ನೇ ಗದರಿಸಿದಳು. ಇಂಥ ಮಗು ಈ ಮೂರು ತಾಲೂಕಿನಲ್ಲಿ ಹುಟ್ಟಿಲ್ಲ ಎಂದು ನಾನು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ.

ಅವಳ ಕೂದಲು ಕಂಡವರು ಮಾತ್ರ ಒಂದು ಮಾತು ಕೇಳುತ್ತಾರೆ. “ಎಂತ ಎಣ್ಣೆ ಹಾಕಿ ಮೀಯಿಸಿದ್ರಿ ಅಜ್ಜಿ, ಇಷ್ಟು ದಟ್ಟ ಬಂದದೆ?” ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ಯಾಕೆಂದರೆ ಮೀಯಿಸಿದವಳು ನಾನಲ್ಲ. ಹಸುಗೂಸಾಗಿದ್ದಾಗ ಒಂದೇ ಒಂದು ದಿನವೂ ನಾನು ಅವಳಿಗೆ ನೀರೆರೆಯಲಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಬಾಣಂತಿಯನ್ನು ಮೂರು ತಿಂಗಳು ಇಟ್ಟುಕೊಂಡು, ಹಂಡೆ ನೀರು ಕಾಯಿಸಿ ಎರೆದು, ಮಗುವನ್ನು ಚಾಚಿದ ಕಾಲಿನ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ, ಮೂಗು ನೀವಿ, ಧೂಪ ಹಾಕಿ ಮಲಗಿಸುವುದು ತಾಯಿಯ ಕೆಲಸ. ಕೆಲಸ ಅಂದೆ, ಅದು ಹಕ್ಕು. ನನಗಿರುವುದು ಒಬ್ಬಳೇ ಮಗಳು. ಚಿಕ್ಕಮಗಳೂರಿಗೆ ಕೊಟ್ಟು ಎಂಟು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು ಇಳಿದು ಹೋಗಿತ್ತು. ನಾನು ದೇವರಮನೆ ಬೆಟ್ಟದ ಗುಡಿಗೆ ಹೋಗಿ ಕೈಮುಗಿದು ಎರಡು ವರ ಕೇಳಿದ್ದೆ. ಅವಳಿಗೊಂದು ಮಗು ಕೊಡು, ಆ ಮಗುವಿಗೆ ನೀರೆರೆಯುವಷ್ಟು ಶಕ್ತಿ ನನ್ನ ಕೈಗೆ ಕೊಡು ಎಂದು. ದೇವರು ಮೊದಲನೆಯದನ್ನು ಕೊಟ್ಟ. ಎರಡನೆಯದನ್ನೂ ಕೊಟ್ಟಿದ್ದನೇನೋ, ಕಳೆದುಕೊಂಡವರು ನಾವು. ಅರ್ಧ ನಮ್ಮ ಮನೆಯವರು ಕಳೆದರು, ಅರ್ಧ ನಾನು. ಅವರ ಅರ್ಧದಿಂದಲೇ ಶುರು ಮಾಡುತ್ತೇನೆ, ಬರೆಯಲು ಅದು ಸುಲಭ.

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು ತೊಂಬತ್ತರ ಆಸುಪಾಸಿನಲ್ಲಿ. ತೋಟದಲ್ಲಿ ಕಾಫಿ ಗಿಡದ ಕೂಳೆ ಚುಚ್ಚಿ ಪಾದಕ್ಕೆ ಗಾಯವಾಗಿತ್ತು, ಎರಡು ತಿಂಗಳಾದರೂ ಮಾಗಲಿಲ್ಲ. ಡಾಕ್ಟರು ರಕ್ತ ನೋಡಿ ಹೇಳಿದರು. ಬೆಲ್ಲದ ಕಾಫಿ ಬಿಡಿ ಎಂದರು. ಕಾಫಿ ಬೆಳೆಯುವವಳಿಗೆ ಕಾಫಿ ಬಿಡು ಅನ್ನುವುದು ಒಂದು, ಬೆಲ್ಲ ಬಿಡು ಅನ್ನುವುದು ಇನ್ನೊಂದು. ನಾನು ಮನೆಯವರ ಎದುರು ಬೆಲ್ಲವಿಲ್ಲದೆ ಕುಡಿದೆ, ಹಿಂದಿನಿಂದ ಬೆಲ್ಲದ ಚೂರು ಕೆನ್ನೆಯಲ್ಲಿ ಇಟ್ಟುಕೊಂಡೆ. ನಾಲ್ಕನೇ ಕ್ಲಾಸು ಓದಿದವಳ ಬುದ್ಧಿ ಎಂದು ಹೇಳಬಹುದು. ಓದಿದವರೂ ಹಾಗೇ ಮಾಡುವುದನ್ನು ನಾನು ನೋಡಿದ್ದೇನೆ. ಹತ್ತು ವರ್ಷ ಕಳೆಯುವುದರೊಳಗೆ ಪಾದಗಳು ಮರಗಟ್ಟಿದವು. ಕಲ್ಲು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಕೊಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುತ್ತಿತ್ತು. ಹಲಗೆಯಲ್ಲಿ ಬೀಜ ಎಳೆದು ಮಗುಚುತ್ತಿದ್ದೆ, ದವಡೆ ನೋಯತೊಡಗಿತು, ಉಸಿರು ಮೇಲೆ ಬರಲಿಲ್ಲ. ಎದೆ ನೋಯಲೇ ಇಲ್ಲ. ಸಕ್ಕರೆ ಇರುವವರಿಗೆ ಎದೆ ಸರಿಯಾಗಿ ನೋಯುವುದೂ ಇಲ್ಲವಂತೆ, ಆಮೇಲೆ ಡಾಕ್ಟರು ಹೇಳಿದರು. ಮೂಡಿಗೆರೆಯಲ್ಲಿ ಚೀಟಿ ಬರೆದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನನ್ನನ್ನು ಮೇಜಿನ ಮೇಲೆ ಮಲಗಿಸಿ, ತೊಡೆಸಂದಿಯಿಂದ ದಾರದಂಥ ನಳಿಗೆ ಹಾಕಿ, ಹೃದಯದ ರಕ್ತನಾಳವೊಂದು ಮುಚ್ಚಿದೆ ಎಂದು ಕಂಡುಹಿಡಿದರು. ಅದನ್ನು ಅಗಲ ಮಾಡಿ ಒಳಗೆ ಒಂದು ಸ್ಟೆಂಟು ಇಡಬೇಕು, ಅಂದರೆ ಬಲೆಯಂಥ ಸಣ್ಣ ಲೋಹದ ಕೊಳವೆ.

ನಾನು ಎಚ್ಚರವಾಗಿಯೇ ಇದ್ದೆ. ಇದನ್ನು ಬರೆಯದೆ ಬಿಡುವುದಿಲ್ಲ. ಅವರು ತೊಡೆಸಂದಿಯ ಹತ್ತಿರ ಮಾತ್ರ ಮರಗಟ್ಟಿಸಿದ್ದರು. ನನಗೆ ಕಣ್ಣಿತ್ತು, ಕಿವಿಯಿತ್ತು, ಬಾಯಿಯಿತ್ತು. ಡಾಕ್ಟರು ನನ್ನ ಪಕ್ಕದಿಂದ ಸರಿದು, ಬಾಗಿಲು ತೆರೆದು, ಹೊರಗೆ ನಿಂತಿದ್ದ ನಮ್ಮ ಮನೆಯವರನ್ನು ಕೇಳಿದರು. ನನ್ನನ್ನು ಕೇಳಲಿಲ್ಲ.

ಕೇಳಿದ್ದು ಏನೆಂದು ನನಗೆ ಗೊತ್ತಾದದ್ದು ಮೂರು ದಿನ ಬಿಟ್ಟು, ಮನೆಗೆ ಬರುವ ದಾರಿಯಲ್ಲಿ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿ ನೀರುದೋಸೆ ತಿನ್ನುವಾಗ ಅವರು ತಾವಾಗಿ ಹೇಳಿದರು. ಏನೋ ಗೆದ್ದು ಬಂದವರ ಮುಖ.

“ಎರಡು ಜಾತಿ ಉಂಟಂತೆ. ಒಂದು ಬರೀ ಲೋಹದ್ದು, ಒಂದು ಔಷಧಿ ಹಚ್ಚಿದ್ದು. ಶುಗರ್ ಇರೋರಿಗೆ ಔಷಧಿ ಹಚ್ಚಿದ್ದೇ ಒಳ್ಳೇದು, ಅದು ಮತ್ತೆ ಮುಚ್ಚೋದು ಕಡಿಮೆ ಅಂತ ಡಾಕ್ಟ್ರು ಹೇಳಿದ್ರು. ನಾನು ಬರೀದೇ ಹಾಕಿ ಅಂದೆ.”

“ಎಂತಕ್ಕೆ?”

“ಹಚ್ಚಿದ ಔಷಧಿ ಎಷ್ಟು ದಿನ ನಿಲ್ತದೆ ಮಾರಾಯ್ತಿ? ನಾವು ಮುಂಗಾರಿಗೆ ಮುಂಚೆ ಬೋರ್ಡೋ ಹೊಡೆಯೋದಿಲ್ವಾ? ಮೂರು ತಿಂಗಳಿಗೆ ಎಲೆ ಮೇಲೆ ಎಂತ ಉಳೀತದೆ? ಮಳೆಗೆ ತೊಳೆದು ಹೋಗ್ತದೆ. ಅದಕ್ಕೇ ಅಲ್ವಾ ಮಳೆ ನಿಂತ ಮೇಲೆ ಮತ್ತೆ ಹೊಡೆಯೋದು? ಎಲೆಗಾದ್ರೆ ಮತ್ತೆ ಹೊಡೀಬಹುದು. ನಿನ್ನ ಒಳಗೆ ರಕ್ತ ಹಗಲೂ ಇರುಳೂ ಹರೀತಾ ಉಂಟು. ಅಲ್ಲಿ ಪಂಪು ತಗೊಂಡು ಯಾರು ಹೋಗ್ತಾರೆ?”

ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರು. ಕಾಫಿ ಎಲೆಗೆ ರೋಗ ಬಾರದಿರಲಿ ಎಂದು ಹೊಡೆಯುತ್ತೇವೆ. ನಮ್ಮ ಮನೆಯವರು ಮೂವತ್ತು ವರ್ಷ ಅದನ್ನು ಹೊಡೆದವರು. ಅವರ ಅಂಗಿಗಳೆಲ್ಲ ನೀಲಿ. ನಿಜ ಹೇಳಬೇಕೆಂದರೆ ಆ ದಿನ ಅವರ ಮಾತು ನನಗೂ ಸರಿ ಎಂದೇ ಕಂಡಿತು. ಬೆಲೆಯ ವ್ಯತ್ಯಾಸವೂ ಇತ್ತು, ಕಾಫಿಗೆ ಆಗ ಕೇಳುವವರಿರಲಿಲ್ಲ. ಆದರೆ ಅವರು ಬರೀದು ಹಾಕಿ ಎಂದದ್ದು ಬೆಲೆಗೆ ಹೆದರಿ ಅಲ್ಲ. ತಮಗೆ ಗೊತ್ತಿದೆ ಎಂದು ಹೇಳಿದರು. ಅದೇ ನನಗೆ ಈಗಲೂ ಸುಡುವುದು.

ಆಗ ಎರಡು ಮಾತ್ರೆ ಕೊಟ್ಟಿದ್ದರು, ಬಿಳಿಯದು ಒಂದು, ಗುಲಾಬಿ ಬಣ್ಣದ್ದು ಒಂದು. ರಕ್ತ ಹೆಪ್ಪುಗಟ್ಟದಂತೆ ತೆಳ್ಳಗೆ ಇಡುವುದಕ್ಕೆ. ಮೂರು ತಿಂಗಳಾದ ಮೇಲೆ ತೋರಿಸಲು ಹೋದಾಗ ಡಾಕ್ಟರೇ, ಗುಲಾಬಿಯದು ಇನ್ನು ನಿಲ್ಲಿಸಿ, ಬಿಳಿಯದು ಮಾತ್ರ ಮುಂದುವರಿಸಿ ಎಂದರು. ಈ ಮಾತನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನಾನು ತುಂಬ ಚೆನ್ನಾಗಿ ನೆನಪಿಟ್ಟುಕೊಂಡೆ.

ಏಳು ತಿಂಗಳಿಗೆ ಮತ್ತೆ ಉಸಿರು ಕಟ್ಟತೊಡಗಿತು. ಕಣದಿಂದ ಮನೆಗೆ ಹತ್ತುವ ಎಂಟು ಮೆಟ್ಟಿಲಲ್ಲಿ ಎರಡು ಸಲ ನಿಲ್ಲಬೇಕು.

“ಗ್ಯಾಸು. ಜೀರಿಗೆ ಕಷಾಯ ಕುಡಿ,” ಎಂದರು ಮನೆಯವರು. ಅವರು ಮಳೆ ನಿಂತ ಮೇಲಿನ ಬೋರ್ಡೋ ಕಲಸುತ್ತಿದ್ದರು.

ಹದಿನೈದು ದಿನ ಕಷಾಯ ಕುಡಿದೆ. ಆಮೇಲೆ ಮಗಳು ಬಂದು ಬೈದು ಇಬ್ಬರನ್ನೂ ಘಟ್ಟ ಇಳಿಸಿದಳು. ಅದೇ ಮೇಜು, ಅದೇ ಡಾಕ್ಟರು. ಬರೀ ಲೋಹದ ಕೊಳವೆಯ ಒಳಗೆ ಮಾಂಸ ಬೆಳೆದು ದಾರಿ ಎಳೆಯಷ್ಟು ಉಳಿದಿತ್ತು. ಡಾಕ್ಟರು ಬಾಗಿಲಿನ ಕಡೆ ಹೊರಟರು. ನಾನು ಅವರ ಹಸಿರು ಬಟ್ಟೆಯ ತುದಿ ಹಿಡಿದೆ.

“ಈ ಸಲ ನನ್ನನ್ನು ಕೇಳಿ.”

ಅವರು ಮತ್ತೆ ನನ್ನ ಕಡೆ ತಿರುಗಿದರು. ಅವರು ಕರಾವಳಿಯವರು, ಮಾತು ನಿಧಾನ. “ಕೇಳ್ತೇನೆ. ನಿಮಗೆ ಶುಗರ್ ಉಂಟು. ಶುಗರ್ ಇದ್ದವರಿಗೆ ಲೋಹದ ಮೇಲೆ ಒಳಚರ್ಮ ಜಾಸ್ತಿ ಬೆಳೀತದೆ. ಅದೇ ನಿಮಗೆ ಆದದ್ದು. ಈಗ ಅದರ ಒಳಗೇ ಔಷಧಿ ಹಚ್ಚಿದ್ದು ಇಡಬಹುದು. ಅದು ಚರ್ಮ ಬೆಳೆಯುವುದನ್ನು ತಡೀತದೆ.”

ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ತೋಟದ ಬೇಲಿಯ ಮುಳ್ಳುತಂತಿಯನ್ನು ನೆರಳಿನ ಸಿಲ್ವರ್ ಮರಗಳಿಗೆ ಮೊಳೆ ಹೊಡೆದು ಕಟ್ಟಿದ್ದೇವೆ. ಐದಾರು ವರ್ಷಕ್ಕೆ ಮರ ಬೆಳೆದು ತಂತಿಯನ್ನು ನುಂಗಿಬಿಡುತ್ತದೆ, ಎಳೆದರೂ ಬರುವುದಿಲ್ಲ. ನನ್ನ ನಾಳ ಏಳು ತಿಂಗಳಿಗೇ ನುಂಗಿತ್ತು. ತೊಳೆದು ಹೋಗುವುದು, ಬಿಡುವುದು ಅಲ್ಲಿ ವಿಷಯವೇ ಆಗಿರಲಿಲ್ಲ. ಮೊದಲ ಕೆಲವು ತಿಂಗಳು ತಡೆದರೆ ಸಾಕಿತ್ತು. ಹಚ್ಚಿದ್ದು ಅಷ್ಟು ದಿನ ನಿಲ್ಲುತ್ತಿತ್ತು.

“ಹಚ್ಚಿದ್ದೇ ಹಾಕಿ,” ಎಂದೆ.

ಮನೆಗೆ ಕಳಿಸುವ ದಿನ ಡಾಕ್ಟರು ಮಂಚದ ಪಕ್ಕ ಕೂತು ಹೇಳಿದರು. “ಇದು ಹಿಂದಿನದರ ಹಾಗಲ್ಲ. ಮದ್ದು ಚರ್ಮ ಬೆಳೆಯಲು ಬಿಡದ ಕಾರಣ ಲೋಹ ತುಂಬ ದಿನ ಬರಿಯಾಗಿಯೇ ರಕ್ತಕ್ಕೆ ತಾಗ್ತಾ ಇರ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗುಲಾಬಿ ಮಾತ್ರೆ ಒಂದು ವರ್ಷ, ಒಂದು ದಿನವೂ ತಪ್ಪಬಾರದು. ಆಮೇಲೆ ಕೂಡ ನನ್ನನ್ನು ಕೇಳಿಯೇ ನಿಲ್ಲಿಸಬೇಕು.”

ಕೇಳಿಸಿಕೊಂಡೆ. ಗೊತ್ತಿರಲಿಲ್ಲ ಎಂದು ನಾನು ಎಲ್ಲಿಯೂ ಹೇಳಿಲ್ಲ.

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ನಾನು ನಮ್ಮ ಮನೆಯವರನ್ನು ಹೇಗೆ ನಡೆಸಿಕೊಂಡೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮನೆಗೆ ಯಾರು ಬರಲಿ, “ನಮ್ಮಲ್ಲಿ ಬೋರ್ಡೋ ಡಾಕ್ಟ್ರು ಇದ್ದಾರೆ, ನಿಮಗೂ ಕೆಮ್ಮು ಇದ್ರೆ ತೋರಿಸ್ಕೊಳ್ಳಿ,” ಎನ್ನುತ್ತಿದ್ದೆ. ನೆಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿಯೇ ಅಂದುಬಿಟ್ಟೆ. ಎಲ್ಲರೂ ನಕ್ಕರು. ಅವರು ಎಲೆಯ ಮೇಲಿನ ಅನ್ನವನ್ನು ಒಟ್ಟು ಮಾಡುತ್ತ, ಬಿಡಿಸುತ್ತ ಕೂತರು. ಒಂದು ಮಾತೂ ತಿರುಗಿ ಆಡಲಿಲ್ಲ. ಆಡಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೇನೋ. ಆಡದಿದ್ದದ್ದರಿಂದ ಮತ್ತೆ ಮತ್ತೆ ಅಂದೆ.

ಆ ವರ್ಷ ಕೊಯ್ಲಿನ ಹೊತ್ತಿಗೆ ಮಗಳು ಬಸಿರಾದ ಸುದ್ದಿ ಬಂತು. ಈ ಸಲ ಮೂರು ತಿಂಗಳು ದಾಟಿತು, ನಾಲ್ಕು ದಾಟಿತು. ನನಗೆ ನೆಲ ಕಾಲಿಗೆ ತಾಗಲಿಲ್ಲ. ಮೊದಲೇ ಮರಗಟ್ಟಿದ ಕಾಲು, ಇನ್ನು ಕೇಳಬೇಕೇ. ಹಳೆಯ ಹತ್ತಿ ಸೀರೆಗಳನ್ನು ಹರಿದು ಒಗೆದು ಗಂಜಿಯಿಲ್ಲದೆ ಒಣಗಿಸಿದೆ. ಬಾಣಂತಿ ಲೇಹಕ್ಕೆ ಬೇರು ಚಕ್ಕೆ ಕೂಡಿಸಿದೆ. ನಾನೇ ಕೊಬ್ಬರಿ ಹಿಂಡಿ ಎಣ್ಣೆ ಕಾಯಿಸಿದೆ. ಬಚ್ಚಲಿನ ಒಲೆಗೆಂದೇ ಒಣಗಿದ ಕಾಫಿ ಬೇರುಗಳನ್ನು ಒಟ್ಟಿಸಿದೆ, ಅದರ ಕೆಂಡ ನಿಧಾನ, ನೀರಿಗೆ ಹೊಗೆ ಹಿಡಿಯುವುದಿಲ್ಲ.

ಏಳನೇ ತಿಂಗಳಿಗೆ ಸೀಮಂತ. ಮಗಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಮೆತ್ತಗೆ ಮಾತು ತೆಗೆದರು. ಒಳ್ಳೆಯ ಹೆಂಗಸೇ. ಆದರೆ ಅವರ ಮಾತು ಯಾವಾಗಲೂ ತುಪ್ಪದಲ್ಲಿ ಅದ್ದಿದ ಸೂಜಿ.

“ಅಕ್ಕ, ನಿಮಗೆ ಹಾರ್ಟು. ಎರಡೆರಡು ಸಲ ಆಗಿದೆ. ಚಿಕ್ಕಮಗಳೂರಲ್ಲೇ ಹೆರಿಗೆ ಆಗ್ಲಿ, ಆಸ್ಪತ್ರೆ ಹತ್ರ. ನೀವು ಬಂದು ಕೂತ್ಕೊಂಡು ನೋಡಿ, ನಾನು ಮಾಡ್ತೀನಿ.”

“ನನ್ನ ಮಗಳ ಬಾಣಂತನ ಕೂತ್ಕೊಂಡು ನೋಡೋದಿಕ್ಕೆ ನಾನೆಂತ ಸಿನಿಮಾಕ್ಕೆ ಬಂದಿದೀನಾ?” ಎಂದೆ. “ಡಾಕ್ಟ್ರನ್ನ ಕೇಳಿದೀನಿ. ಮಾತ್ರೆ ತಗೊಂಡು ಮನೆಕೆಲಸ ಮಾಡಬಹುದು ಅಂದಿದಾರೆ.”

“ಹಂಗಾದ್ರೆ ಸರಿಯಪ್ಪ. ನಿಮ್ಮ ಹಕ್ಕು ನಾನೆಂತಕ್ಕೆ ಕಿತ್ಕೊಳ್ಳಿ,” ಎಂದು ಅವರು ಮಗಳ ತಲೆಗೆ ಹೂ ಮುಡಿಸಿದರು.

ಮಗಳನ್ನು ಮನೆಗೆ ಕರೆತಂದೆ. ಎರಡು ವಾರಕ್ಕೆ ಮಳೆ ಹಿಡಿಯಿತು. ಮಳೆಯ ಜೊತೆ ಇಂಬಳ ಎದ್ದವು.

ಬಯಲುಸೀಮೆಯವರಿಗೆ ಇಂಬಳ ಗೊತ್ತಿರಲಿಕ್ಕಿಲ್ಲ. ದಾರದಷ್ಟು ಸಣ್ಣ ಹುಳ, ತರಗೆಲೆಯ ಮೇಲೆ ನಿಂತು ತಲೆ ಆಡಿಸುತ್ತಿರುತ್ತದೆ, ಕಾಲಿಗೆ ಹತ್ತಿ ರಕ್ತ ಕುಡಿದು ದಪ್ಪವಾಗಿ ತಾನೇ ಬೀಳುತ್ತದೆ. ನಮ್ಮಲ್ಲಿ ಅದಕ್ಕೆ ಯಾರೂ ಹೆದರುವುದಿಲ್ಲ. ಸುಣ್ಣ ಮುಟ್ಟಿಸಿದರೆ ಬಿಡುತ್ತದೆ, ಗಾಯಕ್ಕೆ ಒಂದು ಚಿಟಿಕೆ ಕಾಫಿಪುಡಿ ಒತ್ತಿದರೆ ಆಯಿತು. ಆದರೆ ಗುಲಾಬಿ ಮಾತ್ರೆ ನುಂಗುವವಳ ಕಾಲಿಗೆ ಇಂಬಳ ಹತ್ತಿದರೆ ಏನಾಗುತ್ತದೆಂದು ಘಟ್ಟದ ಕೆಳಗಿನ ಡಾಕ್ಟರಿಗೆ ಎಲ್ಲಿ ಗೊತ್ತು. ರಕ್ತ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಕಚ್ಚಿದ್ದು ಮಧ್ಯಾಹ್ನದ ಊಟದ ತನಕ ಜಿನುಗುತ್ತದೆ. ಮೇಲಿಂದ ನನ್ನ ಪಾದ ಸತ್ತ ಪಾದ. ಹತ್ತಿದ್ದು ಗೊತ್ತಾಗುವುದಿಲ್ಲ, ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿದ್ದದ್ದು ಗೊತ್ತಾಗುವುದಿಲ್ಲ. ಸೌದೆಕೊಟ್ಟಿಗೆಗೆ ಹೋಗಿ ಬಂದರೆ ಸಾಕು, ಅಡುಗೆಮನೆಯಿಂದ ಬಚ್ಚಲಿನ ತನಕ ಕೆಂಪು ಹೆಜ್ಜೆ.

ಒಂದು ದಿನ ಮಗಳು ಆ ಹೆಜ್ಜೆಗಳನ್ನು ಕಂಡು ತನ್ನದೇ ರಕ್ತ ಎಂದುಕೊಂಡಳು. ಎರಡು ಸಲ ಕಳೆದುಕೊಂಡವಳು. ಗೋಡೆ ಹಿಡಿದು ಕುಸಿದು ಕೂತು ಸೀರೆ ಎತ್ತಿ ನೋಡಿಕೊಂಡಳು. ನಾನು ಓಡಿ ಬಂದು, “ನಂದು ಕಣೇ, ನಂದು, ಇಂಬಳ,” ಎಂದರೂ ಅವಳು ಗೋಡೆ ಬಿಡಲಿಲ್ಲ.

ಅಂದು ತೋಟದ ಕೆಲಸಕ್ಕೆ ಬಂದಿದ್ದ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನ್ನ ಜೊತೆ ಇಪ್ಪತ್ತು ವರ್ಷ ಕಾಫಿ ಕುಯ್ದವಳು. ಮಗಳು ಮಲಗಿದ ಮೇಲೆ ನನ್ನ ಕಾಲಿಗೆ ಕಾಫಿಪುಡಿ ಒತ್ತುತ್ತ ಹೇಳಿದಳು.

“ಅಮ್ಮಾ, ರಕ್ತ ನೀರು ಮಾಡೋ ಮಾತ್ರೆ ಕೆಳಗಿನೋರಿಗೆ ಸರಿ. ನಮ್ಮೂರ ಮಳೆಗಾಲದಲ್ಲಿ ನಡೀತದಾ? ನಾಳೆ ಹಸುಗೂಸನ್ನ ಕಾಲ ಮೇಲೆ ಹಾಕ್ಕೊಂಡು ನೀರೆರೀವಾಗ ಬಚ್ಚಲಲ್ಲಿ ರಕ್ತ ಹರಿದ್ರೆ ಚಂದ ಆಗ್ತದಾ?”

“ನಿಲ್ಲಿಸಬಾರದು ಅಂದಿದಾರೆ.”

“ಹೋದ ಸಲ ಅವ್ರೇ ನಿಲ್ಸಿದ್ರು ಅಂದ್ರಲ್ಲ.”

ಅದು ನನ್ನ ಮನಸ್ಸಿನಲ್ಲಿ ಮೊದಲೇ ಇದ್ದ ಮಾತು, ಅವಳು ಬಾಯಿ ಕೊಟ್ಟಳು ಅಷ್ಟೇ. ಅವಳ ಮೇಲೆ ಹಾಕುವುದಿಲ್ಲ. ಹೋದ ಸಲ ಬರೀ ಲೋಹವಿದ್ದಾಗಲೇ ಮೂರು ತಿಂಗಳಿಗೆ ಸಾಕು ಎಂದಿದ್ದರು. ಈಗ ಕೊಳವೆಯ ಮೇಲೆಯೇ ಔಷಧಿ ಇದೆ. ಒಳಗೂ ಔಷಧಿ, ಹೊರಗಿನಿಂದಲೂ ಔಷಧಿ, ಎರಡೆರಡು ಯಾಕೆ? ಎಂಟು ತಿಂಗಳು ನುಂಗಿಯೂ ಆಯಿತು. ಬಿಳಿಯದು ಹೇಗೂ ಇದೆ. ಮಗುವಿನ ಮೂರು ತಿಂಗಳು ಕಳೆಯಲಿ, ಮಳೆಯೂ ನಿಲ್ಲುತ್ತದೆ, ಮತ್ತೆ ಶುರು ಮಾಡಿದರಾಯಿತು. ಹೀಗೆ ಲೆಕ್ಕ ಹಾಕಿದೆ. ನಮ್ಮ ಮನೆಯವರ ಬೋರ್ಡೋ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಆಗ ಯಾರಾದರೂ ಕೇಳಿದ್ದರೆ ಅವರನ್ನು ಮನೆಯಿಂದ ಹೊರಗೆ ಕಳಿಸುತ್ತಿದ್ದೆ.

ಡಾಕ್ಟರನ್ನು ಕೇಳಬಹುದಿತ್ತು. ಮನೆಯಲ್ಲಿ ಫೋನಿತ್ತು, ಚೀಟಿಯಲ್ಲಿ ನಂಬರಿತ್ತು. ಇಂಗ್ಲಿಷಿನಲ್ಲಿದ್ದ ಆ ಚೀಟಿಯನ್ನು ಓದಿ ನಂಬರು ಒತ್ತಿಕೊಡಲು ಮನೆಯವರನ್ನು ಕರೆಯಬೇಕಿತ್ತು. ಮಾತ್ರೆಯ ವಿಷಯದಲ್ಲಿ ನಾನು ಅವರನ್ನು ಏನನ್ನಾದರೂ ಕೇಳುವುದೆಂದರೆ ಏನು? ಊರಿಗೆಲ್ಲ ಅವರನ್ನು ಬೋರ್ಡೋ ಡಾಕ್ಟರು ಮಾಡಿದವಳು ನಾನು. ಕೇಳಲಿಲ್ಲ. ಬೆಳಿಗ್ಗೆ ಬಿಳಿಯದನ್ನು ನುಂಗಿ ಗುಲಾಬಿಯದನ್ನು ಒಲೆಗೆ ಹಾಕಿದೆ. ಮಾರನೆಯ ದಿನವೂ.

ಎಂಟು ಹತ್ತು ದಿನಕ್ಕೆ ಇಂಬಳದ ಗಾಯ ಬೇಗ ಒಣಗತೊಡಗಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕಾಲನ್ನು ಮಗಳಿಗೆ ತೋರಿಸಿ, “ನೋಡು, ದೇವರು ಕಣ್ಣು ಬಿಟ್ಟ,” ಎಂದೆ.

ಮಗಳಿಗೆ ದಿನ ತುಂಬಲು ಎರಡು ವಾರವಿತ್ತು. ಬೆಳಿಗ್ಗೆ ಬಚ್ಚಲಿನಲ್ಲಿ ಹಂಡೆಗೆ ಹುಣಸೆಹಣ್ಣು ತಿಕ್ಕುತ್ತಿದ್ದೆ, ಮಗುವಿನ ನೀರಿಗೆ ಹಂಡೆ ಹೊಳೆಯಬೇಕು ಎಂದು. ಹಿಂದಿನ ಎರಡು ಸಲ ಎದೆ ನೋಯಲಿಲ್ಲ ಎಂದೆನಲ್ಲ. ಈ ಸಲ ಬಾಕಿಯೆಲ್ಲ ಸೇರಿಸಿ ನೋಯಿತು. ಬೆನ್ನಿನ ತನಕ ಗೂಟ ಹೊಡೆದ ಹಾಗೆ. ಮೈಯೆಲ್ಲ ಬೆವರು. ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಅಪ್ಪನನ್ನು ಕೂಗಿದ್ದು ಕೇಳಿಸಿತು. ಇವಳು ಓಡಿ ಬಿದ್ದರೆ ಮಗು ಹೋಗುತ್ತದೆ ಎಂದು ನನ್ನ ನೋವಿನ ಒಳಗೆ ಇನ್ನೊಂದು ನೋವು.

ಮೂಡಿಗೆರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಘಟ್ಟ ಇಳಿಸಿದರು. ನಮ್ಮ ಮನೆಯವರು ಪೂರ್ತಿ ದಾರಿ ನನ್ನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಹಿಡಿದದ್ದು ನನಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ.

ಡಾಕ್ಟರು ಬಂದವರೇ ಕೇಳಿದ್ದು ಒಂದೇ ಮಾತು. “ಗುಲಾಬಿ ಮಾತ್ರೆ ತಗೊಳ್ತಾ ಇದ್ದೀರಾ?”

ಮನೆಯವರು ಪಕ್ಕದಲ್ಲಿಯೇ ನಿಂತಿದ್ದರು. ಅವರೇ ಉತ್ತರ ಕೊಟ್ಟರು. “ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ. ನನ್ನ ಹಾಗಲ್ಲ ಅವಳು. ನಿಮ್ಮ ಮಾತು ಅಂದ್ರೆ ಮಾತು.”

ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ತೆರೆದು ಹೇಳಿದೆ. “ಮೂರು ವಾರ ಆಯ್ತು ಬಿಟ್ಟು.”

ಡಾಕ್ಟರು ಬೈಯಲಿಲ್ಲ. ನರ್ಸಿಗೆ ಏನೋ ಹೇಳುತ್ತ ನನ್ನನ್ನು ಒಳಗೆ ತಳ್ಳಿಸಿಕೊಂಡು ಹೋದರು. ಬಾಗಿಲು ಮುಚ್ಚುವ ಮುಂಚೆ ನಾನು ಮನೆಯವರ ಮುಖ ನೋಡಿದೆ. ಸಿಟ್ಟಿರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಏನೂ ಅರ್ಥವಾಗದ ಮುಖ, ಅಷ್ಟೇ. ಅವರು ಅಂದೂ ನನಗೆ ಏನೂ ಅನ್ನಲಿಲ್ಲ, ಇಂದಿನವರೆಗೂ ಅಂದಿಲ್ಲ. ‘ಇಂಬಳದ ಡಾಕ್ಟ್ರೇ’ ಎಂದು ಒಂದು ಸಲ ಕರೆದುಬಿಡಲಿ ಎಂದು ಕಾಯುತ್ತಲೇ ಇದ್ದೇನೆ. ಕರೆದರೆ ಸಮವಾಗುತ್ತಿತ್ತು. ಸಮ ಮಾಡಿಕೊಳ್ಳಲು ಅವರು ಬಿಡುವುದಿಲ್ಲ.

ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಿಡಿಸಿದರು. ನನ್ನ ಪ್ರಾಣ ಉಳಿಯಿತು, ಹೃದಯ ಅರ್ಧ ಉಳಿಯಿತು. ಇನ್ನು ಭಾರ ಎತ್ತಬಾರದು, ಬಗ್ಗಿ ಏಳಬಾರದು, ಬೆಂಕಿಯ ಮುಂದೆ ಕೂರಬಾರದು ಎಂದರು. ಬಾಣಂತನದಲ್ಲಿ ಬೇರೆ ಏನಿದೆ?

ನಾನು ಆಸ್ಪತ್ರೆಯಲ್ಲಿದ್ದಾಗ ಬೀಗಿತ್ತಿ ಕಾರು ಕಳಿಸಿ ಮಗಳನ್ನು ಚಿಕ್ಕಮಗಳೂರಿಗೆ ಕರೆಸಿಕೊಂಡರು. ಆರನೇ ದಿನ ಹೆರಿಗೆಯಾಯಿತು. ಮನೆಯವರು ವಾರ್ಡಿನ ಬಾಗಿಲಲ್ಲಿ ನಿಂತು, ಒಳಗೆ ಬರಲು ಬಿಡದ ನರ್ಸಿನ ತಲೆಯ ಮೇಲಿನಿಂದ, “ಹೆಣ್ಣು. ಇಬ್ರೂ ಆರಾಮ,” ಎಂದರು. ನಾನು ನಕ್ಕೆ, ಅತ್ತೆ, ಎದ್ದು ಕೂತೆ. ಪಕ್ಕದ ಯಂತ್ರ ಕಿರುಚಿಕೊಂಡಿತು. “ಮಲಗಿ ಅಜ್ಜಿ, ಮಲಗಿ,” ಎಂದು ನರ್ಸು ಗದರಿದಳು. ನನ್ನನ್ನು ಮೊದಲ ಸಲ ಒಬ್ಬರು ಅಜ್ಜಿ ಎಂದು ಸರಿಯಾಗಿ ಕರೆದದ್ದು ಆಗ. ಅವಳ ಕೈ ಹಿಡಿದು ಮುತ್ತು ಕೊಟ್ಟೆ. ಆ ಮಧ್ಯಾಹ್ನದಷ್ಟು ಸಂತೋಷ ನನ್ನ ಜೀವಮಾನದಲ್ಲಿ ಇಲ್ಲ. ಆ ಸಂತೋಷ ಇವತ್ತಿಗೂ ತೀರಿಲ್ಲ, ತೀರುವುದೂ ಬೇಡ. ಸಂಜೆಯಾಗುವಾಗ ಮಾತ್ರ ಹೊಳೆಯಿತು, ನಾಳೆ ಬೆಳಿಗ್ಗೆ ಅದಕ್ಕೆ ಮೊದಲ ನೀರು, ಎರೆಯುವುದು ಯಾರೋ.

ಇಪ್ಪತ್ತೆರಡು ದಿನದ ಮಗುವನ್ನು ನಾನು ನೋಡಲು ಹೋದೆ. ಬೀಗಿತ್ತಿಯ ಬಚ್ಚಲು ಹೊಸದು, ಗೋಡೆಗೆಲ್ಲ ಬಿಳಿ ಟೈಲ್ಸು, ಗೀಸರಿನ ನೀರು. ಅವರು ಮಣೆಯ ಮೇಲೆ ಕೂತು ಕಾಲು ಚಾಚಿದ್ದರು. ಮಗು ಅವರ ಕಣಕಾಲಿನ ಮೇಲೆ ಬೋರಲು ಮಲಗಿ ಬಾಯಿ ಮುಚ್ಚದೆ ಅಳುತ್ತಿತ್ತು. ಚೆನ್ನಾಗಿಯೇ ಎರೆಯುತ್ತಿದ್ದರು. ಏನಾದರೂ ತಪ್ಪು ಸಿಗುತ್ತದೆಯೇ ಎಂದು ಬಾಗಿಲಲ್ಲಿ ನಿಂತು ತುಂಬ ಹುಡುಕಿದೆ. ಬೆನ್ನು ತಟ್ಟುವಾಗ ಅಂಗೈ ಗುಳಿ ಮಾಡಿದ್ದರು, ಕಿವಿಗೆ ನೀರು ಹೋಗದಂತೆ ಹೆಬ್ಬೆರಳು ಅಡ್ಡ ಇಟ್ಟಿದ್ದರು. ಸಿಗಲಿಲ್ಲ.

“ಬನ್ನಿ ಅಕ್ಕ, ನೀವೂ ಒಂದು ತಂಬಿಗೆ ಹಾಕಿ,” ಎಂದರು ಅವರು. ಆ ಮಾತಿನಲ್ಲಿ ಸೂಜಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಿತ್ತು.

ತಂಬಿಗೆ ತುಂಬಿ ಎತ್ತಿದೆ. ಎದೆಯ ಮಟ್ಟಕ್ಕೆ ಬರುವ ಮುಂಚೆಯೇ ಕೈ ಸೋತು ನೀರು ನನ್ನ ಸೆರಗಿಗೆ ಚೆಲ್ಲಿತು. ಕೆಳಗಿಟ್ಟೆ. ಬೀಗಿತ್ತಿ ನೋಡದವರ ಹಾಗೆ ಮಗುವಿನ ಕಂಕುಳು ಒರೆಸಿದರು.

ಹೊರಗೆ ಬಂದು ಮಗಳ ಮಂಚದ ಪಕ್ಕ ಕುರ್ಚಿಯಲ್ಲಿ ಕೂತೆ. ಬೀಗಿತ್ತಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಧೂಪ ಹಿಡಿದು, ನನ್ನ ಕೈಗೆ ಕೊಡಲು ಬಂದರು. ನಾನು ಎರಡೂ ಕೈ ಚಾಚಿದೆ.

“ತಡೀರಿ ಅತ್ತೆ,” ಎಂದಳು ಮಗಳು. ತಲೆಗೆ ಕಿವಿ ಮುಚ್ಚಿ ಬಟ್ಟೆ ಕಟ್ಟಿಕೊಂಡು, ಕಣ್ಣಿನ ಸುತ್ತ ಕಪ್ಪಾಗಿ, ನನ್ನನ್ನೇ ನೋಡುತ್ತಿದ್ದಳು. “ಅಮ್ಮ, ಗುಲಾಬಿ ಮಾತ್ರೆ ತಗೊಂಡ್ಯಾ?”

“ತಗೊಂಡೆ ಕಣೇ. ಬೆಳಿಗ್ಗೆನೇ.”

“ನಿನ್ನ ಮಾತು ಬೇಡ. ಅಪ್ಪಾ, ಆ ಚೀಲದಿಂದ ಒಂದು ತೆಗೆದು ಕೊಡಿ. ಇವತ್ತಿಂದು ನನ್ನೆದುರು ನುಂಗ್ಲಿ.”

“ಬೆಳಿಗ್ಗೆ ನಾನೇ ಕೊಟ್ಟೆ. ನನ್ನೆದುರೇ ನುಂಗಿದ್ದು. ಎರಡು ಆಗ್ಬಾರ್ದು ಮಗಾ,” ಎಂದರು ನಮ್ಮ ಮನೆಯವರು.

ಮಗಳು ಅಪ್ಪನ ಮುಖ ನೋಡಿದಳು, ನಂಬಿದಳು. ಮೊದಲು ನಮ್ಮ ಮನೆಯಲ್ಲಿ ಎಲ್ಲರೂ ನಂಬುತ್ತಿದ್ದುದು ನನ್ನ ಮಾತನ್ನು. ಆಮೇಲೆ ಅವಳು ಹೇಳಿದಳು, “ನಾಳೆಯಿಂದ ನನ್ನೆದುರು. ನುಂಗಿ ಬಾಯಿ ತೆರೆದು ತೋರಿಸ್ಬೇಕು. ತೋರಿಸಿದ ಮೇಲೆ ಮಗು.”

ಬೀಗಿತ್ತಿ ಮಗುವನ್ನು ನನ್ನ ಮಡಿಲಲ್ಲಿಟ್ಟರು. ಬಿಸಿ ಬಿಸಿ ಗಂಟು, ಧೂಪದ ವಾಸನೆ, ಬೇರೆಯವರ ಮನೆಯ ಎಣ್ಣೆಯ ವಾಸನೆ.

ಅಲ್ಲಿದ್ದ ಹತ್ತು ದಿನವೂ ಹಾಗೆಯೇ ನಡೆಯಿತು. ಬೆಳಿಗ್ಗೆ ಬೀಗಿತ್ತಿ ನೀರೆರೆದು ಮಗುವನ್ನು ಎತ್ತಿಕೊಂಡು ಬಂದು ಕಾಯುತ್ತ ನಿಲ್ಲುತ್ತಿದ್ದರು. ನಮ್ಮ ಮನೆಯವರು ಲೋಟದಲ್ಲಿ ನೀರು ಕೊಡುತ್ತಿದ್ದರು. ನಾನು ಮಾತ್ರೆ ನುಂಗಿ, ಮಗಳ ಕಡೆ ತಿರುಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಿದ್ದೆ. ಮಗಳು ಬಗ್ಗಿ ನೋಡಿ, “ಹೂಂ, ಕೊಡಿ,” ಎನ್ನುತ್ತಿದ್ದಳು.